ಅಡುಗೆಮನೆಯ ಪರದೆ ಎಬ್ಬಿಸಿದ್ದು

ನನ್ನ ನೆನಪಿನಲ್ಲಿ ಆ ಮಧ್ಯಾಹ್ನ ನಾನು ಶಾಂತನಾಗಿದ್ದೆ. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ, ಅಂದರೆ ಟರ್ಮಿನಲ್, ಬೇರೆಯೇ ಹೇಳುತ್ತದೆ. ಮೇಲ್ಬಾಣದ ಕೀಲಿ ಒತ್ತುತ್ತಾ ಹೋದರೆ ಅಂದು ಟೈಪ್ ಮಾಡಿದ್ದೆಲ್ಲ ಒಂದೊಂದಾಗಿ ಬರುತ್ತದೆ: ಒಂದು ಸಾಲು, ಅಕ್ಷರ ತಪ್ಪಿದ ಅದೇ ಸಾಲು, ಮತ್ತೆ ಅದೇ. ಶಾಂತನಾದವನ ಕೈ ಹೀಗಿರುವುದಿಲ್ಲ. ಇವೆರಡೂ ಜಗಳಕ್ಕೆ ಬಿದ್ದಲ್ಲಿ ನಾನು ಟರ್ಮಿನಲ್ಲಿನ ಪಕ್ಷ.

ಸಯನ್‌ನಲ್ಲಿ ಸೋದರಮಾವನ ಹೋಟೆಲು. ನಾನು ಮಲಾಡ್‌ನ ಆಫೀಸಿನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವವನು, ಕುಟುಂಬದಲ್ಲಿ ದೋಸೆ ಹೊಯ್ಯಲು ಬಾರದ ಒಬ್ಬನೇ ಗಂಡಸು. ಹೋಟೆಲಿನಲ್ಲಿ ನನ್ನದೆಂದು ಇದ್ದದ್ದು ಒಂದೇ: ಕೌಂಟರಿನಲ್ಲಿ ಅತ್ತೆ ಒತ್ತಿದ ಆರ್ಡರನ್ನು ಅಡುಗೆಮನೆಯ ಪರದೆಗೆ ಮುಟ್ಟಿಸುವ ಪ್ರೋಗ್ರಾಂ. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತ್ತು. ಅದರಲ್ಲಿ ಇದನ್ನು ಓಡಿಸಬೇಕಿತ್ತು.

"ನಾಲ್ಕು ಗಂಟೆಗೆ ಜನ ಬರ್ಲಿಕ್ಕೆ ಶುರು," ಎಂದರು ಮಾವ. "ಆರ್ಡರ್ ತಕೊಳ್ಳುವ ಬಾಡಿಗೆ ಮಷೀನಿನ ಏಜೆಂಟನೂ ಆಗಲೇ ಬರ್ತಾನೆ. ನಿಂದು ನಡೆದ್ರೆ ನಿಂದು, ಇಲ್ಲದಿದ್ರೆ ಅವಂದು. ಮತ್ತೆ ಮುಖ ಊದಿಸ್ಬಾರ್ದು."

"ನಡೀತದೆ ಮಾವ."

ಒಳಗಿನಿಂದ ವಿಜಯಪುರದ ಕಡೆಯ ಅಡುಗೆಯವನು ಪರದೆ ನೋಡಿ ಕೂಗಿದ: "ಸಾಹೇಬ್ರ, ನಮ್ಮ ಟಿವಿ ಸತ್ತೈತ್ರಿ! ಮಣ್ಣು ಕೊಡೂದು ಯಾವಾಗ?"

ಆ ಪ್ರೋಗ್ರಾಂ ಪೂರ್ತಿ ನನ್ನದಲ್ಲ. ಯಾರ್‍ಯಾರೋ ಬರೆದು ಹಂಚಿದ ಸಣ್ಣ ಸಣ್ಣ ಪ್ಯಾಕೇಜುಗಳ ಮೇಲೆ ಅದು ನಿಂತಿದೆ. 'ಎನ್‌ಪಿಎಂ ಇನ್‌ಸ್ಟಾಲ್' ಎಂದು ಟೈಪ್ ಮಾಡಿದರೆ ಅವು ನೆಟ್‌ನಿಂದ ಇಳಿಯುತ್ತವೆ. ಹೋಟೆಲಿನ ವೈಫೈ ಅರ್ಧದಲ್ಲೇ ಕೈಕೊಟ್ಟಿತು. ಇಂಥ ಹೊತ್ತಿಗೆ ನಮ್ಮ ಆಫೀಸಿನಲ್ಲೊಂದು ಪದ್ಧತಿಯಿದೆ, ಯಾರೂ ಕಾರಣ ಕೇಳಿಲ್ಲ: ಪ್ಯಾಕೇಜುಗಳ ಫೋಲ್ಡರನ್ನೂ ಪಕ್ಕದ ಲಾಕ್ ಫೈಲನ್ನೂ ಅಳಿಸು, ಎಲ್ಲ ಮತ್ತೆ ತರಿಸು. ಕೈ ತಾನಾಗಿ ಅಳಿಸಿತು. ಫೋನಿನ ಹಾಟ್‌ಸ್ಪಾಟಿನಿಂದ ಎಲ್ಲ ಇಳಿಯಿತು. ಓಡಿಸಿದೆ. ಪರದೆ ಬೆಳ್ಳಗೆ, ಒಂದಕ್ಷರ ಇಲ್ಲ.

"ಎಂಥದು ಮಾರಾಯ, ಸುಣ್ಣ ಹೊಡೆದದ್ದಾ?" ಎಂದರು ಅತ್ತೆ.

ಪ್ರತಿ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂದು ಬಿಗಿಹಿಡಿಯುವುದು ಲಾಕ್ ಫೈಲಿನ ಕೆಲಸ. ಅದು ಇಲ್ಲದ್ದರಿಂದ ಹೊಸ ಆವೃತ್ತಿಗಳು ಬಂದಿದ್ದವು. ಅವುಗಳಲ್ಲೊಂದು ನನ್ನ ಕೋಡಿನೊಂದಿಗೆ ಮಾತು ಬಿಟ್ಟಿತ್ತು. ನೆನಪೂ ಹಾಗೆಯೇ, ಕರೆದಾಗಲೆಲ್ಲ ಬೇರೆ ಆವೃತ್ತಿ ಕಳಿಸುತ್ತದೆ.

ಯಾವುದದು ಎಂದು ಹುಡುಕಲು ಹೊತ್ತಿರಲಿಲ್ಲ. ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಕಾಪಿಡುವ ಗಿಟ್‌ನಲ್ಲಿ ಉಳಿದಿದ್ದ ಹಳೆಯ ಲಾಕ್ ಫೈಲನ್ನು ವಾಪಸ್ ತಂದೆ. ಈ ಸಲ ಇನ್‌ಸ್ಟಾಲ್ ಬಿಟ್ಟು 'ಎನ್‌ಪಿಎಂ ಸಿಐ' ಎಂದೆ. ಅದು ಫೋಲ್ಡರನ್ನು ತೆರವು ಮಾಡಿ ಲಾಕ್ ಫೈಲಿನಲ್ಲಿ ಇದ್ದದ್ದನ್ನೇ ತರುತ್ತದೆ, ಸ್ವಂತ ಬುದ್ಧಿ ಓಡಿಸುವುದಿಲ್ಲ. ಹಾಟ್‌ಸ್ಪಾಟ್ ಕಡಿಯಿತು. ಮತ್ತೆ ಒತ್ತಿದೆ. ಕಡಿಯಿತು. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿ ಮತ್ತೆ ಒತ್ತಿದೆ. ಕಿಟಕಿಯದು ಬರೀ ನೆನಪಿನ ಮಾತು, ಟರ್ಮಿನಲ್‌ಗೆ ಕಿಟಕಿ ಗೊತ್ತಿಲ್ಲ.

ಎಲ್ಲ ಇಳಿಯಿತು. ಪರದೆಯಲ್ಲಿ ಆರ್ಡರ್ ಮೂಡಿತು: ಎರಡು ಇಡ್ಲಿ, ಒಂದು ವಡೆ.

ಏಜೆಂಟ್ ಬಂದ, ಚಾ ಕುಡಿದ, ತನ್ನ ಮಷೀನನ್ನು ಹೊಗಳಿದ. ಮಾವ ಅವನನ್ನು ಮರ್ಯಾದೆಯಿಂದಲೇ ಕಳಿಸಿ ನನ್ನತ್ತ ತಿರುಗಿದರು. "ಇವತ್ತು ನೀನಿದ್ದಿ. ನಾಳೆ ಕರೆಂಟು ಹೋಗಿ ಬಂದ್ರೆ? ಮಲಾಡ್‌ನಿಂದ ಓಡಿ ಬರ್ತೀಯಾ? ಅವನನ್ನು ಬೇಡ ಅಂತ ನಾನಿನ್ನೂ ಹೇಳ್ಲಿಲ್ಲ."

ಸರಿಯಾದ ಪ್ರಶ್ನೆ. ಸಂಜೆಯ ಜನ ಕರಗುವಷ್ಟರಲ್ಲಿ ಒಂದೇ ಮಾತಿಗೆ ಹಲವು ಕೆಲಸ ಮಾಡಿಸುವ, ಪ್ರೋಗ್ರಾಮಿನ ಸ್ಕ್ರಿಪ್ಟುಗಳ ಜಾಗದಲ್ಲಿ ಹೊಸದೊಂದು ಸೇರಿಸಿ 'ಶುರು' ಎಂದು ಹೆಸರಿಟ್ಟೆ. ಸರ್ವರ್ ಏಳುವುದು, ಪರದೆ ತೆರೆಯುವುದು, ಎಲ್ಲವೂ ಆ ಒಂದರಲ್ಲೇ. ಹಿಂದಿ, ತುಳು, ಕನ್ನಡ, ಯಾರ ಬಾಯಿಗೂ ಭಾರವಲ್ಲದ ಹೆಸರು. ಆಮೇಲೆ ಕಂಪ್ಯೂಟರನ್ನು ಬಂದ್ ಮಾಡಿದೆ.

"ಅಯ್ಯೋ, ಯಾಕಾ?" ಎಂದರು ಅತ್ತೆ.

"ನೀವು ಆನ್ ಮಾಡಿ. ಕಪ್ಪು ಕಿಟಕಿಯಲ್ಲಿ 'ಎನ್‌ಪಿಎಂ ರನ್ ಶುರು' ಅಂತ ಹೊಡೀರಿ. ನಾನು ಹೊರಗಿರ್ತೇನೆ."

"ತಪ್ಪಿದ್ರೆ?"

"ಮತ್ತೆ ಹೊಡೀರಿ. ಏನೂ ಹಾಳಾಗುದಿಲ್ಲ."

ಒಳಗಿದ್ದರೆ ಬೆರಳು ತೋರಿಸಿಬಿಡುತ್ತೇನೆಂದು ಫುಟ್‌ಪಾತಿಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತೆ. ಬಸ್ಸುಗಳು ಹೋದವು. ಎಷ್ಟು ಹೊತ್ತೋ, ಇದಕ್ಕೆ ಸಾಕ್ಷಿಯಿಲ್ಲ. ಒಳಗೆ ಅತ್ತೆ ಯಾರನ್ನೋ ಬೈದರು, ಬಹುಶಃ ಕೀಲಿಮಣೆಯನ್ನು. ಆಮೇಲೆ ಅಡುಗೆಯವನು ಪರದೆ ನೋಡಿ ಓದುವುದು ಕೇಳಿಸಿತು: "ಒಂದ್ ಉಪ್ಪಿಟ್ಟು, ಒಂದ್ ಕಾಫಿ!"

ಬಾಗಿಲಿಗೆ ಬಂದ ಮಾವ ಫೋನಿನಲ್ಲಿ ಏಜೆಂಟನಿಗೆ ಬೇಡವೆಂದು ಹೇಳಿ ಮುಗಿಸಿದರು. "ಹೋಗು ಇನ್ನು," ಎಂದರು ನನಗೆ. "ತಡ ಆದ್ರೆ ದಾದರ್‌ನಲ್ಲಿ ಬೊರಿವಲಿ ಲೋಕಲ್ ಟ್ರೈನಿಗೆ ಕಾಲಿಡ್ಲಿಕ್ಕೂ ಆಗುದಿಲ್ಲ."