ಅಮ್ಮನ ನೀಲಿ ಸೀರೆ

ಪ್ರಮೀಳಕ್ಕ, ನಿಮ್ಮ ಮೊಮ್ಮಗಳನ್ನು ಹುಟ್ಟಿದೊಡನೆ ಸುತ್ತಿದ ಆ ಹೊದಿಕೆಯಲ್ಲಿ ನಿಮ್ಮ ಅಮ್ಮನ ನೀಲಿ ಸೀರೆ ಇಲ್ಲ. ಅದನ್ನು ನಾನು ಕದ್ದೆ.

ಆಗ ನಾನು ಎಂ.ಎ. ಮುಗಿಸಿ ವಿಟ್ಲದ ಮನೆಯಲ್ಲಿದ್ದೆ. ಹಳೆ ಸೀರೆ, ಲುಂಗಿ, ದರ್ಜಿಯಂಗಡಿಯ ಚೂರುಬಟ್ಟೆ — ಸಿಕ್ಕಿದ್ದನ್ನೆಲ್ಲ ಪದರ ಪದರವಾಗಿ ಹಾಸಿ, ನನ್ನ ಅಮ್ಮನೂ ನಾನೂ ಎರಡು ತುದಿಯಲ್ಲಿ ಕೂತು ಹೊದಿಕೆ ಹೊಲಿಯುತ್ತಿದ್ದೆವು. ನಡುವೆ ಇಬ್ಬರ ಸಾಲೂ ಕೂಡುವ ಹೊತ್ತಿಗೆ ಚಹಾ. ಅಷ್ಟು ನೆಮ್ಮದಿಯ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಅಂಥದೊಂದು ಮಧ್ಯಾಹ್ನ ನೀವು ಕಲ್ಲಡ್ಕದಿಂದ ಸೀರೆಗಳ ಚೀಲ ಹಿಡಿದು ಬಂದಿರಿ.

"ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತಾಗಿಸ್ಲಿಕ್ಕಿಲ್ಲ, ಹಿರಿಯರು ಉಟ್ಟು ಹಳತಾದದ್ದೇ ಆಗ್ಬೇಕು. ಅಮ್ಮ ಅಂತೂ ಹೋದ್ರು. ಅವರ ಸೀರೆಯಾದ್ರೂ ಮಗುವನ್ನು ಎತ್ತಿಕೊಳ್ಳಲಿ."

ಚೀಲದಲ್ಲಿದ್ದ ನೂಲಿನ ಸೀರೆ ಆ ನೀಲಿಯದೊಂದೇ. ಉಳಿದವು ನೈಲೆಕ್ಸ್. ಮಗುವಿನ ಮೈಗೆ ತಾಗುವ ಪದರಕ್ಕೆ ಅದೇ ಬೇಕಿತ್ತು.

ಉಟ್ಟು ಉಟ್ಟು ಬೆಣ್ಣೆಯಾದ ನೂಲು, ಸಾಸಿವೆ ಬಣ್ಣದ ಸಣ್ಣ ಅಂಚು... ಕನ್ನಡಿಯ ಮುಂದೆ ಹೆಗಲ ಮೇಲೆ ಹಾಕಿಕೊಂಡು ನೋಡಿದೆ. ಮರುದಿನ ಅದರಲ್ಲಿ ನನಗೊಂದು ಕುರ್ತಾ ಕತ್ತರಿಸಿದೆ. ಹೊದಿಕೆಗೆ ಚೂರುಬಟ್ಟೆಯ ರಾಶಿಯಿಂದ ಬೇರೆ ನೀಲಿ ತುಂಡುಗಳನ್ನು ಹುಡುಕಿದೆ — ಹೊಸ ಬಟ್ಟೆ, ಯಾರೂ ಉಡದ್ದು. ಸೋಡಾ ಹಾಕಿ ಕುದಿಸಿ, ಒಗೆಯುವ ಕಲ್ಲಿಗೆ ಬಡಿದು ಬಡಿದು ಹಳತು ಮಾಡಿದೆ. ನನ್ನ ಅಮ್ಮನಿಗೂ ಹೇಳಲಿಲ್ಲ.

ಒಯ್ಯಲು ಬಂದಾಗ ನೀವು ಹೊದಿಕೆಯನ್ನು ಕೆನ್ನೆಗೊತ್ತಿಕೊಂಡಿರಿ. "ಅಮ್ಮನ ಮಡಿಲೇ ನೋಡು! ಎಂ.ಎ. ಕಲಿತು ಸೂಜಿ ಹಿಡಿದಿದ್ದಾಳೆ ಅಂತ ನಗಾಡುವವರು ನಗಾಡ್ಲಿ ಮಾರಾಯ್ತಿ. ಈ ಕೈ ಅವರಿಗುಂಟಾ?"

ನಾನು — ನಕ್ಕೆ. ಆಗಲೇ ಒಂದು ಮಾತು ಹೇಳಬಹುದಿತ್ತು...

ಆ ಕುರ್ತಾವನ್ನು ಮಂಗಳೂರಿಗೆ ಹೋಗುವಾಗ ಮಾತ್ರ ತೊಟ್ಟೆ, ನಿಮ್ಮ ಕಣ್ಣಿಗೆ ಬೀಳದ ಹಾಗೆ. ಹರಿದ ಮೇಲೆ ಅದು ನೆಲ ಒರೆಸುವ ಬಟ್ಟೆಯಾಯಿತು. ಹೌದು, ನಿಮ್ಮ ಅಮ್ಮನ ಸೀರೆ. ಮರಳಿಸಲು ನನ್ನಲ್ಲಿ ಒಂದೆಳೆಯೂ ಉಳಿದಿಲ್ಲ.

ಮೊನ್ನೆ ಫೋನಿನಲ್ಲಿ ಹೇಳಿದಿರಿ: "ಮಗಳಿಗೆ ಒಂಬತ್ತು ತಿಂಗಳು ತುಂಬಿತು. ಅಮ್ಮನ ಹೊದಿಕೆ ಒಗೆದು ಇಟ್ಟಿದ್ದೇನೆ, ಎರಡನೇ ಮಗುವಿಗೂ ಅದೇ." ಆಗಲೂ ನಾನು "ಒಳ್ಳೇದಾಯ್ತು" ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು —

ನಾಳೆ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ನಿಮ್ಮ ಮುಖ ನೋಡಿ ಹೇಳುತ್ತೇನೆ. ಆಮೇಲೆ, ಬರುವ ಮಗುವನ್ನು ಯಾವುದರಲ್ಲಿ ಸುತ್ತಬೇಕೆಂದು ನೀವೇ ನೋಡಿಕೊಳ್ಳಿ.