ನಮ್ಮ ಮನೆಯ ಕಾಯಂ ಕಳಸಗಿತ್ತಿ

ನಲವತ್ತು ದಾಟಿದ ಮೇಲೂ ನಮ್ಮ ಚಿಕ್ಕತ್ತೆಯ ಹಣೆಯಲ್ಲಿ ಒಂದು ಗೆರೆ ಮೂಡಿರಲಿಲ್ಲ. ಕೆನ್ನೆ ಹೈಸ್ಕೂಲು ಹುಡುಗಿಯದು. ತಲೆಯಲ್ಲಿ ಹುಡುಕಿದರೂ ಬಿಳಿಕೂದಲಿಲ್ಲ. ಸಾಲದ್ದಕ್ಕೆ ನಮ್ಮಜ್ಜಿ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ತುದಿಗೆ ಕೆಂಪು ಟೇಪು ಕಟ್ಟಿ ಕೂರಿಸುತ್ತಿದ್ದಳು. ನಂಜನಗೂಡಿನ ಅಜ್ಜಿ ಮನೆಯ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರೆಲ್ಲ "ಪುಟ್ಟೀ, ಯಾವ ಕಾಲೇಜು?" ಎಂದು ಕೇಳುವವರೇ. ಚಿಕ್ಕತ್ತೆ ಅವರ ಮುಖ ನೋಡದೆ, ಕಾಲಿನ ಚಪ್ಪಲಿ ನೋಡುತ್ತಾ, "ನಂಗೆ ನಲವತ್ತೊಂದು" ಎನ್ನುತ್ತಿದ್ದರು. ಕೇಳಿದವರು ಗೊಳ್ಳೆಂದು ನಗುತ್ತಿದ್ದರು. ಯಾಕೆ ನಕ್ಕರು ಎಂದು ಚಿಕ್ಕತ್ತೆ ಆಮೇಲೆ ನನ್ನನ್ನು ಕೇಳುತ್ತಿದ್ದರು. ಜನಕ್ಕೆ ಬೇರೆ ಕೆಲಸವಿಲ್ಲ ಅತ್ತೆ, ಎನ್ನುತ್ತಿದ್ದೆ.

ಆಟಿಸಂ ಎನ್ನುವ ಮಾತು ನಮ್ಮ ಮನೆಗೆ ಬಂದದ್ದು ತೀರ ಈಚೆಗೆ. ಅಲ್ಲಿಯವರೆಗೆ ನಮ್ಮವರು ಅವರಿಗೆ ಇಟ್ಟಿದ್ದ ಹೆಸರು "ಮಗು". ಮಗು ಮುಟ್ಟಿದರೆ ಚೀರುತ್ತೆ, ಮಗು ಮೊಸರನ್ನ ಬಿಟ್ಟು ಬೇರೆ ತಿನ್ನಲ್ಲ, ಮಗುವಿಗೆ ಲೋಕಜ್ಞಾನ ಇಲ್ಲ. ಆ ಮಗು ಕಿಟಕಿಯ ಪಕ್ಕ ಕೂತು, ಪೇಟೆಯ ಅಂಗಡಿಗಳ ಸೀರೆಗೆ ಕುಚ್ಚು ಕಟ್ಟಿ, ಅಜ್ಜಿಯ ಔಷಧಿ ತಂದು, ಮನೆ ನಡೆಸುತ್ತಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ಜಡೆ ಮಾತ್ರ ಎಲ್ಲರಿಗೂ ಕಂಡಿತು.

ಅವರ ಮುಖ ಯಾಕೆ ಸವೆಯಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಡಾಕ್ಟರುಗಳು ಏನಾದರೂ ಹೇಳಲಿ, ನನಗೆ ಅನ್ನಿಸುವುದು ಇಷ್ಟೆ: ಅವರು ಒಂದು ದಿನವೂ ಇನ್ನೊಬ್ಬರನ್ನು ಮೆಚ್ಚಿಸಲಿಕ್ಕೆ ನಕ್ಕವರಲ್ಲ. ಬೇಜಾರಿದ್ದಾಗ ಹಲ್ಲು ಕಿರಿಯಲಿಲ್ಲ, ಕರುಣೆಯಿಲ್ಲದಾಗ ಹುಬ್ಬು ಗಂಟು ಹಾಕಿ ಲೊಚಗುಟ್ಟಲಿಲ್ಲ. ನಮ್ಮ ದೊಡ್ಡಪ್ಪನ ಮುಖ ನೋಡಬೇಕು ನೀವು. ತಿರುಮಕೂಡಲು ನರಸೀಪುರದಲ್ಲಿ ಅಕ್ಕಿ ಗಿರಣಿ, ಎಲ್ಲ ಪಾರ್ಟಿಯವರ ಜೊತೆಗೂ ಸ್ನೇಹ. ಕಂಡಕಂಡ ಪುಢಾರಿಗೆಲ್ಲ ಹಲ್ಲು ಗಿಂಜಿ ಗಿಂಜಿ ಐವತ್ತಕ್ಕೇ ಮುಖ ಹಳೇ ಚೀಲದ ಹಾಗೆ ಮುದುರಿ ಹೋಗಿತ್ತು. ಆ ಮುಖ ಹೊತ್ತುಕೊಂಡು ತಂಗಿಯ ಗಲ್ಲ ಹಿಡಿದು "ಊಟ ಆಯ್ತಾ ಮಗಾ?" ಎಂದು ಕೇಳುತ್ತಿದ್ದರು. ಚಿಕ್ಕತ್ತೆ ಗಲ್ಲವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

ಚಿಕ್ಕತ್ತೆಗೆ ಒಂದು ಅಭ್ಯಾಸವಿತ್ತು. ಎದುರಿಗೆ ಯಾರಾದರೂ ಸುಳ್ಳು ಹೇಳಿದರೆ, ಸಿಟ್ಟಿಲ್ಲದೆ, ಹೊತ್ತೆಷ್ಟು ಎಂದು ಹೇಳಿದ ಹಾಗೆ, "ಸುಳ್ಳು" ಎಂದುಬಿಡುತ್ತಿದ್ದರು. ಹಬ್ಬಕ್ಕೆ ಅಜ್ಜಿ ಮನೆಯಲ್ಲಿದ್ದಾಗ ನಮ್ಮ ದೊಡ್ಡಮ್ಮ ಬಾಗಿಲಿಗೆ ಬಂದ ನೆಂಟರಿಗೆ "ಅಯ್ಯೋ, ಈಗ್ತಾನೆ ಎಲ್ಲಾರ್ದೂ ಊಟ ಆಯ್ತು" ಎಂದರೆ ಒಳಗಿನಿಂದ ದನಿ ಬರುತ್ತಿತ್ತು: "ಸುಳ್ಳು. ಅನ್ನ ಇನ್ನೂ ಒಲೆ ಮೇಲದೆ." ಬೈದರೆ ಒಂದೇ ಉತ್ತರ: "ಕೇಳುದ್ರು, ಹೇಳ್ದೆ."

ಇಷ್ಟೆಲ್ಲ ಆದರೂ ಅವರನ್ನು ಯಾವ ಮದುವೆಗೂ ಬಿಟ್ಟು ಹೋಗುತ್ತಿರಲಿಲ್ಲ. ಪ್ರೀತಿಯಿಂದ ಎಂದುಕೊಳ್ಳಬೇಡಿ. ನಮ್ಮ ಕಡೆ ಧಾರೆಯ ಹೊತ್ತಿನಲ್ಲಿ ಹೆಣ್ಣಿನ ಪಕ್ಕ ಮದುವೆಯಾಗದ ಹುಡುಗಿಯೊಬ್ಬಳು ಕಳಸ ಹಿಡಿದು ನಿಲ್ಲಬೇಕು. ಅವಳೇ ಕಳಸಗಿತ್ತಿ. ಈಗಿನ ಹುಡುಗಿಯರು ಅಷ್ಟು ಹೊತ್ತು ನಿಲ್ಲುವುದಿಲ್ಲ, ಮೊಬೈಲು ನೋಡುತ್ತಾರೆ, ಮೇಕಪ್ಪಿಗೆ ಓಡುತ್ತಾರೆ. ಚಿಕ್ಕತ್ತೆ ನಿಲ್ಲು ಎಂದರೆ ನಿಲ್ಲುತ್ತಿದ್ದರು. ಹನ್ನೆರಡೋ ಹದಿಮೂರೋ ವಯಸ್ಸಿಗೆ ಕೈಗೆ ಕೊಟ್ಟ ಕಳಸವನ್ನು ಮೂವತ್ತು ವರ್ಷ ಯಾರೂ ಕೆಳಗಿಳಿಸಲಿಲ್ಲ. ಯಾರ ಮದುವೆಯಲ್ಲಿ ಕಳಸ ಹಿಡಿದಿದ್ದರೋ ಆ ಹೆಣ್ಣುಗಳು ದಪ್ಪವಾಗಿ, ಮಂಡಿನೋವು ಬಂದು, ಮಗಳ ಮದುವೆಗೆ ನಿಂತರು. ಅಲ್ಲಿಯೂ ಇವರೇ. "ನೋಡ್ರೀ, ಅಂಗೇ ಅವ್ಳೆ!" ಎಂದು ಹೊಟ್ಟೆಕಿಚ್ಚಿಗೆ ನಗುವುದು ಬೇರೆ. ಗಟ್ಟಿಮೇಳ ಬಾರಿಸಿದರೆ ಅವರಿಗೆ ತಲೆ ಸಿಡಿಯುತ್ತಿತ್ತು, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಎಂದು ದೊಡ್ಡಮ್ಮ ಆ ಹತ್ತಿ ಕಿತ್ತು ಬಿಸಾಡಿದ್ದನ್ನು ನಾನೇ ನೋಡಿದ್ದೇನೆ. ಚಿಕ್ಕತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದರು, ಕಳಸದ ನೀರು ಮಾತ್ರ ತುಳುಕಲಿಲ್ಲ. "ಎಷ್ಟು ಭಕ್ತಿ!" ಎಂದರು ನೆಂಟರು. ಥೂ.

ಅಜ್ಜಿ ತೀರಿಕೊಂಡ ಮೇಲೆ ಅವರ ಪಾಡು ಕೆಟ್ಟಿತು. ಹನ್ನೊಂದನೆಯ ದಿನದ ಊಟ ಮುಗಿಯುತ್ತಲೇ ದೊಡ್ಡಪ್ಪ ನಂಜನಗೂಡಿನ ಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ತಂಗಿಯನ್ನು ನರಸೀಪುರಕ್ಕೆ ಕರೆತಂದರು. "ಮಗು ಒಂದೇ ಇರಕ್ಕಾದದಾ?" ಎಂದು ಊರಿಗೆಲ್ಲ ಕೇಳುವಂತೆ ಅತ್ತರು. ಆ ಮನೆಯಲ್ಲಿ ಹಗಲೆಲ್ಲ ಟಿವಿ, ಮಿಕ್ಸಿ, ಗಿರಣಿಯ ಸದ್ದು. ಚಿಕ್ಕತ್ತೆ ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ನಾನು ಅದೇ ಊರಲ್ಲಿ ಸಂಸಾರ ಮಾಡಿಕೊಂಡಿದ್ದವಳು, ದಿನ ಬಿಟ್ಟು ದಿನ ಹೋಗುತ್ತಿದ್ದೆ. ನನಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮನೆಗೆ ಓಗ್ಬೇಕು. ಬೀಗದ ಕೈ ಕೊಡ್ಸು."

ದೊಡ್ಡಪ್ಪನಿಗೂ ಆರು ತಿಂಗಳಿಗೇ ಸಾಕಾಗಿತ್ತು. ಅಷ್ಟರಲ್ಲಿ ಮುಡುಕುತೊರೆ ಕಡೆಯಿಂದ ಒಂದು ಸಂಬಂಧ ಬಂತು. ಯಾವುದೋ ಛತ್ರದಲ್ಲಿ ಕಳಸ ಹಿಡಿದು ನಿಂತ ಹುಡುಗಿಯನ್ನು ನೋಡಿ ಮೆಚ್ಚಿದ್ದರಂತೆ. ಗಂಡಿಗೆ ಮೂವತ್ತು ವರ್ಷ, ಹೊಳೆಪಕ್ಕ ಗದ್ದೆ. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಮಗು ಮಾಯ! ಒಂಟಿಯಾಗಿ ಮನೆಯಲ್ಲಿರಲು ಬಾರದ ಮಗು ಸಂಸಾರ ಮಾಡಲು ತಯಾರಾಗಿಬಿಟ್ಟಿತ್ತು. ಚಿಕ್ಕತ್ತೆ ಸ್ಪಷ್ಟವಾಗಿ ಹೇಳಿದರು, "ನಂಗೆ ಮದುವೆ ಬೇಡ." ಅದಕ್ಕೆ ದೊಡ್ಡಪ್ಪ, "ಮಕ್ಕಳ ಮಾತು ಯಾರು ಕೇಳ್ತರೆ ಬುಡು" ಎಂದರು. ನಾನು ಜಗಳವಾಡಿದೆ. ಕೊಟ್ಟ ಹೆಣ್ಣು ನೀನು, ತೌರಿನ ವಿಚಾರ ನಿನಗ್ಯಾಕೆ ಎಂದರು. ನನ್ನಪ್ಪ, ಅಣ್ಣನ ಮುಂದೆ ಕೆಮ್ಮಲೂ ಹೆದರುವ ಮನುಷ್ಯ, ಪೇಪರು ಓದುತ್ತಿದ್ದರು.

ಹೆಣ್ಣು ನೋಡುವ ದಿನ ದೊಡ್ಡಮ್ಮ ಎರಡು ಜಡೆ ಬಿಚ್ಚಿಸಿ ಒಂದು ಜಡೆ ಹಾಕಿ ಹೂ ಮುಡಿಸಿದರು. ದೊಡ್ಡಪ್ಪ ಪಾಠ ಹೇಳಿಕೊಟ್ಟರು: "ವಯಸ್ಸು ಕೇಳುದ್ರೆ ಇಪ್ಪತ್ತೇಳು ಅನ್ನು."

"ಅದು ಸುಳ್ಳು."

"ಅಂಗಾರೆ ಬಾಯಿ ಮುಚ್ಕೊಂಡು ಕೂತ್ಕೊ. ನಾನೇ ಹೇಳ್ತೀನಿ."

ಬಂದವರು ನಡುಮನೆಯಲ್ಲಿ ಕೂತರು. ಗಂಡಿನ ತಾಯಿ ದೊಡ್ಡ ಕುಂಕುಮದ, ಒಳ್ಳೆಯ ಮನಸ್ಸಿನ ಹೆಂಗಸು. ಚಿಕ್ಕತ್ತೆಯನ್ನು ಕಂಡವರೇ, "ಬಾ ಮಗ, ಕೂತ್ಕೊ. ಎಷ್ಟವ್ವಾ ವಯಸ್ಸು?" ಎಂದರು.

"ಇಪ್ಪತ್ತೇಳು ತುಂಬ್ತು ಕಣವ್ವ," ಎಂದರು ದೊಡ್ಡಪ್ಪ, ಮುಖದ ಅಷ್ಟೂ ಸುಕ್ಕು ಅರಳಿಸಿ.

"ಸುಳ್ಳು," ಎಂದರು ಚಿಕ್ಕತ್ತೆ. "ನಂಗೆ ನಲವತ್ಮೂರು."

ಗಂಡಿನ ತಾಯಿ ನಕ್ಕರು. "ಅಯ್ಯೋ ನನ್ ಕೂಸೇ, ಬೋ ತಮಾಸೆ ಕಣವ್ವ ನೀನು!" ಗಂಡು ನಕ್ಕ. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ನಿಜ ಹೇಳಿದರೂ ನಂಬದ ಮುಖ ಕೊಟ್ಟಿದ್ದನಲ್ಲ ದೇವರು ಅವರಿಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕತ್ತೆ ಎದ್ದು ನಿಂತು ಗೋಡೆಯ ಕಡೆ ಕೈ ತೋರಿಸಿದರು.

"ಅದು ಅಣ್ಣನ ಮದುವೆ ಫೋಟೊ. ಅತ್ತಿಗೆ ಪಕ್ಕ ಕಳಸ ಹಿಡ್ಕೊಂಡಿರದು ನಾನು. ಆಗ ನಂಗೆ ಹದಿನಾಕು. ಅವರ ಮಗ ಅಲ್ಲಿ ನಿಂತವ್ನಲ್ಲ, ಇಪ್ಪತ್ತೇಳು ಆಗಿರದು ಅವನಿಗೆ."

ದೊಡ್ಡಪ್ಪನ ಮಗ ಮೈಸೂರುಪಾಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ, ಹೊಟ್ಟೆ ಬಿಟ್ಟುಕೊಂಡು, ಮುಂದಲೆ ಬೋಳಾಗಿ. ಗಂಡಿನ ತಾಯಿ ಕನ್ನಡಕ ಹಾಕಿಕೊಂಡು ಎದ್ದರು. ಫೋಟೋ ನೋಡಿದರು, ಚಿಕ್ಕತ್ತೆಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಎರಡು ಜಡೆ, ಟೇಪು, ಬಿಗಿಯಾಗಿ ಮುಚ್ಚಿದ ಕಣ್ಣು, ಅದೇ ಮುಖ. ನೆಂಟರು ಬರುತ್ತಾರೆಂದು ಇಡೀ ಮನೆಗೆ ಸುಣ್ಣ ಬಳಿಸಿ, ಆ ಫೋಟೋಗೆ ಹೊಸ ಕಟ್ಟು ಹಾಕಿಸಿ, ಅದರ ಕೆಳಗೇ ಕೂತು ಸುಳ್ಳು ಹೇಳಿದ್ದ ಮಹಾನುಭಾವರು ನಮ್ಮ ದೊಡ್ಡಪ್ಪ. ಮೂವತ್ತು ವರ್ಷ ಕಣ್ಣೆದುರಿಗಿದ್ದರೂ ಆ ಫೋಟೋದಲ್ಲಿ ತಂಗಿ ಇದ್ದಾಳೆಂದು ಆಸಾಮಿಗೆ ಗೊತ್ತೇ ಇರಲಿಲ್ಲ. ಕಳಸಗಿತ್ತಿಯನ್ನು ಯಾರು ನೋಡುತ್ತಾರೆ?

"ಒಡಹುಟ್ದೋಳ ವಿಚಾರ್ದಲ್ಲಿ ಇಂಗಾ ಸ್ವಾಮಿ?" ಎಂದರು ಆ ತಾಯಿ. ಕಾಫಿ ಮುಟ್ಟಲಿಲ್ಲ. ಹೋಗುವಾಗ ಚಿಕ್ಕತ್ತೆಯ ಮುಂದೆ ನಿಂತು, "ತಪ್ಪಾಯ್ತು ಕಣವ್ವ, ನಗಬಾರ್ದಿತ್ತು. ನೀವು ಬೇಜಾರ್ ಮಾಡ್ಕಬೇಡಿ" ಎಂದರು. ನಮ್ಮ ವಂಶದಲ್ಲಿ ಯಾರ ಬಾಯಲ್ಲೂ ಬಾರದ "ನೀವು" ಪರಸ್ಥಳದ ಹೆಂಗಸಿನ ಬಾಯಲ್ಲಿ ಬಂತು.

ಅವರು ಹೋದ ಮೇಲೆ ದೊಡ್ಡಪ್ಪ ಕೂಗಾಡಿದರು, ಮಾನ ಹೋಯಿತಂತೆ. ಇದ್ದರಲ್ಲವೇ ಹೋಗುವುದು. ಚಿಕ್ಕತ್ತೆ, "ಕೇಳುದ್ರು, ಹೇಳ್ದೆ. ಈಗ ಬೀಗದ ಕೈ ಕೊಡು" ಎಂದು ಕೈ ಚಾಚಿದರು. ದೊಡ್ಡಪ್ಪ ಕದಲಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅವರ ಅಂಗಿಯ ಜೇಬಿಗೆ ನಾನೇ ಕೈ ಹಾಕಿ ತೆಗೆದುಕೊಂಡೆ. ಅವತ್ತೇ ಬಸ್ಸು ಹತ್ತಿದೆವು.

ನಂಜನಗೂಡಿನ ಮನೆಯಲ್ಲಿ ಅವರು ಮೊದಲು ಮಾಡಿದ ಕೆಲಸ ತಲೆಬಾಚಿ ತುರುಬು ಕಟ್ಟಿಕೊಂಡದ್ದು. ಆಮೇಲೆ ಕಿಟಕಿ ತೆಗೆದು ಕುಚ್ಚಿನ ದಾರ ಬಿಡಿಸಿ ಕೂತರು. ಮತ್ತೆ ಯಾವ ಮದುವೆಗೂ ಹೋಗಲಿಲ್ಲ. "ಕಳಸ ಯಾರು ಹಿಡೀತಾರೆ?" ಎಂದು ಫೋನು ಮಾಡಿದವರಿಗೆ "ಬರಲ್ಲ" ಎಂದು ಇಟ್ಟುಬಿಡುತ್ತಿದ್ದರು. ನಾನು ಭಾನುವಾರ ಹೋಗುತ್ತಿದ್ದೆ. ಇಬ್ಬರೂ ಮಾತಿಲ್ಲದೆ ಕೂತು ಮೊಸರನ್ನ ತಿನ್ನುತ್ತಿದ್ದೆವು. ಅಷ್ಟು ನೆಮ್ಮದಿಯ ಊಟ ನಾನು ಬೇರೆಲ್ಲೂ ಮಾಡಿಲ್ಲ.

ಲೋಕ ಮಾತ್ರ ತನ್ನ ಮೂರ್ಖತನ ಬಿಡಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದಾಗ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು, "ನಿಮ್ಮಮ್ಮಂದು ತಂದಿದೀಯಲ್ಲ ಪುಟ್ಟಿ, ನಿಂದೆಲ್ಲಿ?" ಎಂದ. ಮೈಸೂರಿನ ತಜ್ಞರೊಬ್ಬರು ಆಟಿಸಂ ಎಂದು ಗುರುತಿಸಿ, ಇಂಥವರಲ್ಲಿ ಕೆಲವರು ವಯಸ್ಸಿಗಿಂತ ಚಿಕ್ಕವರಾಗಿ ಕಾಣುತ್ತಾರೆ ಎಂದು ಅಷ್ಟುದ್ದ ವಿವರಿಸಿದರು, ಅದೂ ನನಗೆ. ಆಮೇಲೆ ಚಿಕ್ಕತ್ತೆಯ ಕೈಗೆ ಚಾಕಲೇಟು ಕೊಟ್ಟು "ಜಾಣೆ" ಎಂದರು. ಚಿಕ್ಕತ್ತೆ ಅದನ್ನು ಮೇಜಿನ ಮೇಲೆ ವಾಪಸಿಟ್ಟು, "ನಂಗೆ ಸಕ್ಕರೆ ಕಾಯಿಲೆ" ಎಂದರು. ಆಗ ಆ ತಜ್ಞರ ಮುಖ ನೋಡಬೇಕಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಫೋನು ಮಾಡಿದರು. ತಾವಾಗಿ ಫೋನು ಮಾಡುವವರೇ ಅಲ್ಲ. "ಎದೆ ನೋಯ್ತದೆ. ಕ್ಲಿನಿಕ್ಕಿಗೆ ಓಗಿದ್ದೆ. ಈ ವಯಸ್ಸಿಗೆ ಹಾರ್ಟು ಗೀರ್ಟು ಏನೂ ಇರಲ್ಲ, ಗ್ಯಾಸು ಅಂದ್ರು. ಚೀಟೀಲಿ ಇಪ್ಪತ್ತೈದು ಅಂತ ಬರ್ಕೊಂಡ್ರು. ನಲವತ್ತೊಂಬತ್ತು, ಸಕ್ಕರೆ ಕಾಯಿಲೆ ಅದೆ ಅಂತ ಹೇಳ್ದೆ. ನಕ್ರು."

ನಾನು ಉಟ್ಟ ಸೀರೆಯಲ್ಲೇ ಹೊರಟೆ. ದಾರಿಯುದ್ದಕ್ಕೂ ಪಕ್ಕದ ಮನೆಯವರಿಗೆ ಫೋನು ಮಾಡುತ್ತಲೇ ಇದ್ದೆ, ಯಾರೂ ಎತ್ತಲಿಲ್ಲ. ನಾನು ತಲುಪುವಷ್ಟರಲ್ಲಿ ಕಿಟಕಿಯ ಪಕ್ಕ ಗೋಡೆಗೊರಗಿ ಹೋಗಿಬಿಟ್ಟಿದ್ದರು. ಗ್ಯಾಸಿನ ಮಾತ್ರೆ ತಟ್ಟೆಯಲ್ಲಿತ್ತು.

ನರಸೀಪುರದವರೆಲ್ಲ ಬಂದರು. ಹೆಂಗಸರು ಸ್ನಾನ ಮಾಡಿಸಿದ ಮೇಲೆ ದೊಡ್ಡಮ್ಮ, ನಾನು ಹೊರಗೆ ಹೋಗಿದ್ದ ಹೊತ್ತಿನಲ್ಲಿ, ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಟೇಪು ಕಟ್ಟಿದ್ದರು. "ಮುದ್ದಾಗಿ ಕಾಣ್ತದೆ ಮಗು" ಎಂದು ಮೂಗೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತು ಟೇಪು ಬಿಚ್ಚಿದೆ, ಜಡೆ ಬಿಚ್ಚಿದೆ, ಅವರು ಕಟ್ಟಿಕೊಳ್ಳುತ್ತಿದ್ದ ಹಾಗೆಯೇ ತುರುಬು ಕಟ್ಟಿದೆ. ಕಿವಿಯ ಹಿಂದೆ ಒಂದೇ ಒಂದು ಬಿಳಿಕೂದಲು ಕಂಡಿತು. ಅದನ್ನು ಮುಚ್ಚದೆ ಮೇಲಕ್ಕೇ ಬಿಟ್ಟೆ.

ಬಾಗಿಲಲ್ಲಿ ದೊಡ್ಡಪ್ಪ ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಿದ್ದರು. "ಇನ್ನೂ ಸಣ್ಣ ವಯಸ್ಸು ಕಣ್ರೀ. ಏನೂ ಗೊತ್ತಿಲ್ದಿರೊ ಮಗು."

"ಸುಳ್ಳು," ಎಂದೆ, ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ. "ಅವರಿಗೆ ನಲವತ್ತೊಂಬತ್ತು."

ಆ ಸಲ ಯಾರೂ ನಗಲಿಲ್ಲ.