ಹತ್ತರಲ್ಲಿ ಮೂರು ಗುಂಡು

ಅಂಗಡಿಯವನು ನೆಲ ಕೊರೆಯುವ ಯಂತ್ರವನ್ನು ಭಾವನ ಬೆನ್ನಿಗೆ ಏರಿಸಿದಾಗ ಅವರ ಮೊಣಕಾಲು ಒಂದು ಕ್ಷಣ ಬಾಗಿತು. ದರ್ಜಿ ಮುಖ ತಿರುಗಿಸಿ, ಗೋಡೆಗೆ ನೇತುಹಾಕಿದ್ದ ಸಲಿಕೆಗಳನ್ನು ನೋಡತೊಡಗಿದ.

"ಹನ್ನೊಂದು ಕಿಲೋ, ಪೆಟ್ರೋಲ್ ಬಿಟ್ಟು. ಎದೆಮಟ್ಟ ಕೊರೆಯುತ್ತೆ," ಎಂದ ಅಂಗಡಿಯವನು.

"ಅಷ್ಟು ಸಾಕೇನಯ್ಯಾ?" ಭಾವ ದರ್ಜಿಯನ್ನು ಕೇಳಿದರು. "ಕೆಳಗಿದೆ, ಕೆಳಗಿದೆ ಅಂತ ನೀನೇ ತಾನೇ ಪ್ರಾಣ ತಿಂತಿದ್ದೆ?"

ದರ್ಜಿ ಹೂಂ ಎಂದ.

ಭಾವ ಅಂದರೆ ಅವನ ಅಕ್ಕನ ಗಂಡ. ಬಸ್ ಓಡಿಸಿ ನಿವೃತ್ತರಾದವರು. ಆರು ವರ್ಷಗಳಿಂದ ಪ್ರತಿ ಭಾನುವಾರ ಇಬ್ಬರೂ ಊರಾಚೆಯ ಹಳ್ಳದ ಮರಳಲ್ಲಿ ಚಿನ್ನ ಹುಡುಕುತ್ತಿದ್ದರು. ಸಿಕ್ಕಿದ್ದೆಲ್ಲ ಸೇರಿ ಮಾತ್ರೆ ಶೀಸೆಯ ತಳ ಮುಚ್ಚುವಷ್ಟಿತ್ತು. ಭಾವ ಅಗೆದು ಜರಡಿ ಹಿಡಿಯಬೇಕು. ದರ್ಜಿ ಆ ಮರಳನ್ನು ಅಗಲ ತಟ್ಟೆಯಲ್ಲಿ ನೀರಿನೊಂದಿಗೆ ಓಲಾಡಿಸಿ, ಹಗುರವಾದದ್ದನ್ನು ಅಂಚಿನಿಂದ ಹರಿಯಬಿಟ್ಟು, ತಳದಲ್ಲಿ ಹೊಳೆಯುವ ಚೂರನ್ನು ಉಳಿಸಬೇಕು. "ಕಾಜ ಹೊಲಿಯೋ ಕೈಯಿದು, ತೊಳೆಯೋ ಕೆಲಸ ನಿಂದೇ," ಎಂದು ಭಾವ ಮೊದಲ ದಿನವೇ ತೀರ್ಮಾನಿಸಿದ್ದರು.

ಆದರೆ ಈಗ ಆ ಕೈಗೆ ಜೋಮು ಹಿಡಿದಿತ್ತು. ಬಲಗೈಯ ಮೂರು ಬೆರಳಿಗೆ ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಕಾಜ ಹೊಲಿಯುವುದನ್ನು ಹೆಂಡತಿಗೆ ಬಿಟ್ಟು, ಗಿರಾಕಿಗಳಿಗೆ ಕಣ್ಣಿನ ನೆಪ ಹೇಳಿದ್ದ. ತಟ್ಟೆ ಎಷ್ಟು ವಾಲಿದೆ ಎಂಬುದು ಕೈಗೆ ಗೊತ್ತಾಗದೆ ಚಿನ್ನವೂ ಮರಳಿನ ಜತೆ ಹಳ್ಳಕ್ಕೆ ವಾಪಸಾಗುತ್ತಿದೆ ಎಂಬ ಗುಮಾನಿ ಅವನಿಗಿತ್ತು. ಗುಮಾನಿಯೇನು ಬಂತು, ಎರಡು ಸಲ ಕಣ್ಣಾರೆ ಕಂಡಿದ್ದ. ಆದರೂ ಭಾವ "ಏನಾದ್ರೂ ಸಿಕ್ತಾ?" ಎಂದಾಗಲೆಲ್ಲ, "ಬರೀ ಮೇಲಿನ ಮಣ್ಣು ತರ್ತಿದ್ದೀರಿ ಭಾವ, ಇನ್ನೂ ಆಳಕ್ಕೆ ಹೋಗಿ," ಎಂದಿದ್ದ. ಭಾವ ಅಗೆದರು. ಅಂಗೈಯ ಬೊಬ್ಬೆಗಳು ಒಡೆದ ಮೇಲೆ ಬಟ್ಟೆ ಸುತ್ತಿಕೊಂಡು ಅಗೆದರು. ಆ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಕೊಟ್ಟವನೂ ದರ್ಜಿಯೇ.

"ಯಂತ್ರ ಆಮೇಲೆ ತಗೊಳ್ಳಿ, ಮೊದಲು ತೊಳೆಯೋ ಕೈ ಹೇಗಿದೆ ನೋಡೋಣ," ಎಂದ ಅಂಗಡಿಯವನು, ಮೂಲೆಯ ನೀರಿನ ತೊಟ್ಟಿ ತೋರಿಸಿ. ಮರಳು ತುಂಬಿದ ತಟ್ಟೆಗೆ ಅವನು ಚಿನ್ನದ ಬದಲು ಹತ್ತು ಸಣ್ಣ ಸೀಸದ ಗುಂಡು ಬೆರೆಸಿದ. ಚಪ್ಪಟೆ ಮಾಡಿ ಕೆಂಪು ಬಣ್ಣ ಹಚ್ಚಿದವು. "ಸರಿಯಾಗಿ ತೊಳೆದರೆ ಹತ್ತೂ ಉಳೀಬೇಕು."

"ಇವನಿಗೆ ಪರೀಕ್ಷೆನಾ!" ಭಾವ ನಕ್ಕರು. "ನೋಡ್ತಿರಿ, ನೀವೇ ಇವನ ಹತ್ರ ಪಾಠ ಹೇಳಿಸಿಕೊಳ್ತೀರಿ."

ದರ್ಜಿ ತೊಳೆದ. ತಟ್ಟೆಯಲ್ಲಿ ಮೂರು ಗುಂಡು ಉಳಿದವು.

ಭಾವ ಅಂಗಡಿಯವನ ಮೇಲೆ ಹರಿಹಾಯ್ದರು. "ಹೊಸ ತಟ್ಟೆ, ಜಿಡ್ಡು ಹೋಗಿಲ್ಲ, ಜಾರ್ತಿದೆ. ಬೇರೆ ಕೊಡ್ರೀ!"

ನೆಪ ತಾನಾಗಿ ಕಾಲ ಬಳಿ ಬಂದು ಬಿದ್ದಿತ್ತು. ಭಾವನ ಬೆನ್ನ ಮೇಲೆ ಆ ಹನ್ನೊಂದು ಕಿಲೋ ಇನ್ನೂ ಹಾಗೇ ಇತ್ತು.

"ತಟ್ಟೆ ಸರಿಯಿದೆ ಭಾವ," ಎಂದ ದರ್ಜಿ. "ನನ್ನ ಕೈಗೆ ಸ್ಪರ್ಶವೇ ಗೊತ್ತಾಗಲ್ಲ."

"ಯಾವತ್ತಿಂದ?"

"ಈಚೆಗೆ." ಭಾವ ಅವನನ್ನೇ ನೋಡುತ್ತಿದ್ದರು. "ಎಂಟು ತಿಂಗಳಾಯ್ತು," ಎಂದ ದರ್ಜಿ. "ಚಿನ್ನ ಹಳ್ಳಕ್ಕೆ ಹೋಗ್ತಿದ್ದದ್ದು ಗೊತ್ತಿತ್ತು ನಂಗೆ."

ಭಾವ ಯಂತ್ರದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನು ಕೆಳಗಿಟ್ಟರು. ತಾವೇ ತಟ್ಟೆ ಹಿಡಿದು ತೊಳೆದರು. ಐದು ಉಳಿದವು. "ಸ್ಟೀರಿಂಗ್ ತಿರುಗಿಸಿದ ಕೈಗೇ ಐದು!" ಎಂದು ಅಂಗಡಿಯವನಿಗೆ ಹೇಳಿದರು, ದರ್ಜಿಗೆ ಹೇಳಲಿಲ್ಲ. ಅಂಗಡಿಯವನು ಮಡಚಿಡಬಹುದಾದ, ಎರಡೂ ತುದಿ ತೆರೆದ ಅಲ್ಯೂಮಿನಿಯಂ ಕಾಲುವೆಯೊಂದನ್ನು ತಂದ. ಹರಿಯುವ ನೀರಲ್ಲಿಟ್ಟು ಮರಳು ಸುರಿದರೆ ಸಾಕು, ಒಳಗೆ ಹಾಸಿದ ಗೀರುಗೀರಿನ ಚಾಪೆ ಚಿನ್ನವನ್ನು ಹಿಡಿದಿಡುತ್ತದೆ. ಮೂರೇ ಕಿಲೋ. ಭಾವ ಅದನ್ನೇ ಕೊಂಡುಬಿಟ್ಟರು. ಆರು ವರ್ಷದಲ್ಲಿ ಮೊದಲ ಬಾರಿಗೆ ದರ್ಜಿಯ ಅಭಿಪ್ರಾಯ ಕೇಳಲಿಲ್ಲ.

ದರ್ಜಿ ಅದನ್ನು ಹೊರಲು ಕೈಚಾಚಿದ.

"ಬೇಡ, ಬೀಳಿಸ್ತೀಯ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಬೀದಿಗಿಳಿದ ಮೇಲೆ ಭಾವ ಹೇಳಿದರು: "ನಾಳೆ ಡಾಕ್ಟರ ಹತ್ರ ಹೋಗು. ಈಗ ಮನೆಗೆ ಬಾ. ದಿನಾ ನನ್ನ ಕೈಗೆ ಮುಲಾಮು ಹಚ್ಚಿದ್ದು ನಿನ್ನ ಅಕ್ಕ. ಅವಳಿಗೆ ನಾನು ಹೇಳಲ್ಲ, ನೀನೇ ಹೇಳಬೇಕು."

"ಹೇಳ್ತೀನಿ ಭಾವ."

ಅಕ್ಕನ ಮನೆಗೆ ಇನ್ನು ಎರಡೇ ಬೀದಿ ಉಳಿದಿದ್ದವು. ದರ್ಜಿ ಭಾವನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದ.